ಬರೀ ನೀರಿನ ಟಬ್ಬಿಗೆ ಎರಡು ಹಿಡಿ ಅವಲಕ್ಕಿ

ಈಚೆಗೆ ನಮ್ಮ ಹಿತ್ತಿಲಲ್ಲಿ ಐವತ್ತು ಮೀನುಗಳು ಪರೀಕ್ಷೆಗೆ ಕೂತಿದ್ದವು. ಪಾಸಾಗಲು ಮಾಡಬೇಕಾದ್ದು ಒಂದೇ ಕೆಲಸ, ನಾಲ್ಕು ದಿನ ಸಾಯದೇ ಇರುವುದು. (ಇಷ್ಟು ಸುಲಭದ ಪ್ರಶ್ನೆಪತ್ರಿಕೆ ನನಗೆ ಯಾವತ್ತೂ ಸಿಗಲಿಲ್ಲ.)

ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ತಂಗಿ ಲಕ್ಷ್ಮಿ ನೆಲ ಒರೆಸುವ ಲಿಕ್ವಿಡ್ಡನ್ನು ಮನೆಯಲ್ಲೇ ಮಾಡಿ ಮಾರುತ್ತಾಳೆ. ಮೊದಲ ಸಲ ದೊಡ್ಡ ಆರ್ಡರ್ ಬಂದಿತ್ತು, ಗಾಜನೂರು ಕಡೆಯ ಒಂದು ರೆಸಾರ್ಟಿನಿಂದ. ಆದರೆ ಅಲ್ಲಿ ನೆಲ ತೊಳೆದ ನೀರು ಹೋಗುವುದು ಮೀನಿನ ಕೊಳಕ್ಕೆ. ಮೀನು ಸಾಯುವುದಿಲ್ಲ ಅಂತ ಸೋಮವಾರದೊಳಗೆ ಟೆಸ್ಟ್ ಮಾಡಿ ತೋರಿಸಿ ಎಂದರಂತೆ ಮ್ಯಾನೇಜರ್.

ಲಕ್ಷ್ಮಿಯ ಮಗಳು ಅನು ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಾ ನಮ್ಮ ಮನೆಯಲ್ಲೇ ಇದ್ದಾಳೆ. ಮೇಷ್ಟ್ರನ್ನು ಕೇಳಿಕೊಂಡು ಬಂದು ಐದು ಟಬ್ ಇಟ್ಟಳು. ನಾಲ್ಕಕ್ಕೆ ಲಿಕ್ವಿಡ್, ಒಂದಕ್ಕಿಂತ ಒಂದಕ್ಕೆ ಜಾಸ್ತಿ. ಐದನೆಯದಕ್ಕೆ ಬರೀ ನೀರು, ಹೋಲಿಸಿ ನೋಡಲು. "ನಾಲ್ಕು ದಿನ ಯಾವುದಕ್ಕೂ ತಿನ್ನೋಕೆ ಹಾಕೋ ಹಾಗಿಲ್ಲ ಅತ್ತೆ, ನೀರು ಕೆಡುತ್ತೆ" ಎಂದು ನನ್ನ ಹೆಂಡತಿ ಸುಮಿತ್ರಾಗೆ ಎರಡೆರಡು ಸಲ ಹೇಳಿದಳು.

ನಮ್ಮ ಮನೆಯಲ್ಲಿ ಉಪವಾಸವೇ? ಮೀಟರ್ ರೀಡಿಂಗಿಗೆ ಬಂದವನೂ ಉಪ್ಪಿಟ್ಟು ತಿಂದೇ ಹೋಗುವ ಮನೆ ಇದು.

ಮೂರನೆಯ ದಿನ ಬೆಳಿಗ್ಗೆ ಅನು ಹಿತ್ತಿಲ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಲಿಕ್ವಿಡ್ ಹಾಕಿದ ನಾಲ್ಕೂ ಟಬ್ಬುಗಳಲ್ಲಿ ಮೀನುಗಳು ಆರಾಮಾಗಿ ಓಡಾಡುತ್ತಿದ್ದವು. ಬರೀ ನೀರಿನ ಟಬ್ಬಿನಲ್ಲಿ ಏಳು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಗಂಜಿಯಾಗಿತ್ತು.

"ಬರೀ ನೀರಲ್ಲೇ ಮೀನು ಸತ್ರೆ ಇಡೀ ಟೆಸ್ಟೇ ಕ್ಯಾನ್ಸಲ್ ಮಾವ. ಅಮ್ಮಂಗೆ ಏನಂತ ಹೇಳ್ಲಿ?"

ನಾನು ಸುಮಿತ್ರಾಳ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಸೌಟು ನೋಡಿದಳು.

"ಎರಡೇ ಹಿಡಿ ಅವಲಕ್ಕಿ ಕಣ್ರೀ" ಎಂದಳು ಕೊನೆಗೆ. "ಆ ನಾಲ್ಕಕ್ಕೂ ಏನೋ ಒಂದು ಹಾಕಿದ್ದಾಳೆ. ಇದೊಂದಕ್ಕೆ ಬರೀ ನೀರು. ಪಂಕ್ತಿಭೇದ ಅಲ್ವಾ?"

"ಮಾರಾಯ್ತಿ, ಅವಕ್ಕೆ ಹಾಕಿದ್ದು ಪಾಯಸ ಅಲ್ಲ, ನೆಲ ಒರೆಸೋದು."

"ಏನಾದ್ರೂ ಇರ್ಲಿ. ಹಾಕಿದ್ದಾಳೋ ಇಲ್ವೋ?"

ಇದಕ್ಕೆ ಯಾವ ಯೂನಿವರ್ಸಿಟಿ ಉತ್ತರ ಕೊಡುತ್ತದೆ ಹೇಳಿ?

ನಗು ಬಂತು, ಲಕ್ಷ್ಮಿಯನ್ನು ನೆನೆದು ಸಂಕಟವೂ ಆಯಿತು. ಸುಮಿತ್ರಾ ತಾನೇ ಮ್ಯಾನೇಜರಿಗೆ ಫೋನ್ ಮಾಡಿ, ತಪ್ಪು ಒಪ್ಪಿಕೊಂಡು, ಒಂದು ವಾರ ಟೈಮ್ ಕೇಳಿದಳು. (ಊಟಕ್ಕೂ ಕರೆದಳು.) ಅನು ಹೊಸ ಮೀನು ತಂದು, ಟಬ್ಬುಗಳನ್ನು ಜನ್ನಾಪುರಕ್ಕೆ ಸಾಗಿಸಿದಳು. ಅಲ್ಲಿ ಐವತ್ತಕ್ಕೆ ಐವತ್ತೂ ಪಾಸ್. ಲಕ್ಷ್ಮಿಗೆ ಆರ್ಡರ್ ಸಿಕ್ಕಿತು.

ನಮ್ಮಲ್ಲಿ "ಸಾಕು" ಎಂದರೆ ಯಾರು ಕೇಳುತ್ತಾರೆ? ಬೇಡ ಅಂದರೆ ಸಂಕೋಚ ಅಂದುಕೊಳ್ಳುತ್ತೇವೆ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಡಿಸುತ್ತೇವೆ.

ಇದನ್ನು ಬರೆಯುತ್ತಿರುವಾಗಲೇ ನನ್ನ ತಟ್ಟೆಗೆ ನಾಲ್ಕನೆಯ ದೋಸೆ ಬಿತ್ತು. ನನ್ನ ಶುಗರ್ ರಿಪೋರ್ಟ್ ಫ್ರಿಜ್ಜಿನ ಮೇಲೆಯೇ ಇದೆ. ಮೀನುಗಳನ್ನೇನೋ ಅನು ಜನ್ನಾಪುರಕ್ಕೆ ಸಾಗಿಸಿ ಉಳಿಸಿಕೊಂಡಳು, ನನ್ನನ್ನು ಸಾಗಿಸುವವರು ಯಾರು?