ಹೆಡ್‌ಮಾಸ್ಟರೂ ನಾನೂ ಸುಮ್ಮನೆ ಕೂತಿದ್ದು

ಗೆಳೆಯರೇ, ನನಗಿಂತ ಕಡಿಮೆ ಮಾತಾಡುವವರೊಬ್ಬರು ಇವತ್ತು ಸಿಕ್ಕಿದರು. ತಂಗಿಯ ಸ್ಕೂಲಿನ ಹೆಡ್‌ಮಾಸ್ಟರು.

ತಂಗಿ ಕೂರುವುದು ಕೊನೆಯ ಬೆಂಚಿನಲ್ಲಿ. ಬೋರ್ಡು ಕಾಣದೆ ಲೆಕ್ಕವೆಲ್ಲ ತಪ್ಪು ಬರೆದುಕೊಂಡು ಬರುತ್ತಾಳೆ. ಮುಂದೆ ಕೂರಿಸಿ ಎಂದು ಕೇಳಲು ಹೋಗಿದ್ದೆ. ಮೇಷ್ಟ್ರು ಮೊನ್ನೆಯಷ್ಟೇ ಚಾಮರಾಜನಗರದಲ್ಲಿ, ಬರೀ ಪ್ರಶ್ನೆ ಕೇಳಿಯೇ ದಾರಿ ತೋರಿಸುವ 'ಕೋಚಿಂಗ್' ಅನ್ನುವ ತರಬೇತಿ ಮುಗಿಸಿ ಬಂದಿದ್ದಾರೆ. ಈಗ ಅವರು ಯಾರಿಗೂ ಏನನ್ನೂ ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯುತ್ತಾರೆ.

"ತಂಗಿ ಲೆಕ್ಕದಲ್ಲಿ ಹಿಂದಿದ್ದಾಳೆ. ಏನು ಮಾಡಬಹುದು ಅಂತ ನಿಮಗನ್ಸುತ್ತಮ್ಮ?" ಎಂದು ಕೇಳಿ ಕೈಕಟ್ಟಿ ಕೂತರು. ಅವರು ನಗುತ್ತಾ ಕಾದರು. ನಾನು ನೆಲ ನೋಡುತ್ತಾ ಕೂತೆ. ಪಿರಿಯಡ್ಡಿನ ಗಂಟೆಯೂ ಹೊಡೆಯಿತು.

ನನ್ನ ಹಿಂದೆ ಕಾಯುತ್ತಿದ್ದ, ವಿಷಯ ಮೊದಲೇ ಗೊತ್ತಿದ್ದ ಪಕ್ಕದ ಮನೆಯ ಚಿಕ್ಕತಾಯಮ್ಮನಿಗೆ ತಡೆಯಲಾಗಲಿಲ್ಲ. "ಇದೇನ್ ಸಾ, ಇಬ್ರೂ ಬಾಯ್ಗೆ ಬೀಗ ಆಕೊಂಡ್ ಕೂತ್ಬುಟ್ರಿ? ನನ್ ಉಮ್ಮತ್ತೂರು ಬಸ್ಸು ಒಂಟೋಯ್ತದೆ. ಆ ಮಗೀಗೆ ಬೋರ್ಡು ಕಾಣಕಿಲ್ವಂತೆ, ಮುಂದ್ಕೆ ಕೂರ್ಸ್ಬುಡಿ."

ಮೇಷ್ಟ್ರು ತಕ್ಷಣ ತಂಗಿಯನ್ನು ಮೊದಲ ಬೆಂಚಿನಲ್ಲಿ ಕೂರಿಸುವಂತೆ ಕ್ಲಾಸಿಗೆ ಹೇಳಿ ಕಳಿಸಿದರು. ಆಮೇಲೆ ಖುಷಿಯಿಂದ ನನ್ನ ಕಡೆ ತಿರುಗಿದರು. "ನೋಡಿದ್ರಾ, ಉತ್ತರ ನಿಮ್ಮೊಳಗೇ ಇತ್ತು."

ಇತ್ತು, ಇಲ್ಲ ಅನ್ನುವುದಿಲ್ಲ. ಆಚೆ ಬಂದಿದ್ದು ಮಾತ್ರ ಚಿಕ್ಕತಾಯಮ್ಮನ ಬಾಯಿಂದ.