ಬಲಗಡೆಯ ಕುರ್ಚಿ

ಅಪ್ಪಾಸಾಬ ಕಾಕಾ ಯಾವ ಮೀಟರನ್ನೂ ಸುಮ್ಮನೆ ಓದಿದವರಲ್ಲ. ಮೊದಲು ಉಗುರಿನಿಂದ ಗಾಜಿಗೆ ಎರಡು ಸಲ ಟಕ್ ಟಕ್ ಎಂದು ಬಡಿಯಬೇಕು, ಆಮೇಲೆ ಕಣ್ಣು ಹಾಯಿಸಬೇಕು. ಸದಲಗಾದ ನಮ್ಮ ಓಣಿಯ ಕರೆಂಟ್ ಮೀಟರುಗಳೆಲ್ಲ ಅವರಿಂದ ಪೆಟ್ಟು ತಿಂದಿದ್ದವು. ಡೇರಿಯ ತೂಕದ ಕಾಟಾವನ್ನೂ ಅವರು ಬಿಡುತ್ತಿರಲಿಲ್ಲ. ನಾವು ನಗುತ್ತಿದ್ದೆವು.

ವಿಮಾನ ಹಾರಿಸಲು ಕಲಿಸುವ ಶಾಲೆಯೊಂದರಲ್ಲಿ ಮೀಟರ್ ಮೆಕ್ಯಾನಿಕ್ ಆಗಿದ್ದವರು. ಊರಿಗೆ ಮರಳಿ, ತಂಬಾಕು ತುಂಬುತ್ತಿದ್ದ ಹಳೆಯ ಕೋಣೆಯಲ್ಲಿ ಎರಡು ಕುರ್ಚಿ, ಕಂಪ್ಯೂಟರ್, ದೊಡ್ಡ ಪರದೆ ಇಟ್ಟು, ಕೂತಲ್ಲೇ ವಿಮಾನ ಹಾರಿಸುವ ಸಿಮ್ಯುಲೇಟರ್ ಕಟ್ಟಿದರು. ಅದರ ಜೊತೆ ಬಂದ ಮೀಟರುಗಳ ಪ್ಯಾನೆಲ್ ಅವರಿಗೆ ಸೇರಲಿಲ್ಲ. ಅಲ್ಯೂಮಿನಿಯಂ ತಗಡು ಕೊರೆದು, ಮೀಟರುಗಳನ್ನು ಒಂದೊಂದಾಗಿ ಕೂರಿಸಿ, ತಂತಿ ಎಳೆದು, ತಾವು ಹಿಂದೆ ನೋಡಿಕೊಳ್ಳುತ್ತಿದ್ದ ಒಂದು ವಿಮಾನದ ಪ್ಯಾನೆಲ್ಲನ್ನೇ ಮತ್ತೆ ಮಾಡಿದರು. ಗಣಿತದ ಮಾಸ್ತರನೆಂದು ಅಳತೆಗೆ ನನ್ನನ್ನು ಕರೆದಿದ್ದರು. ಎತ್ತರ ತೋರಿಸುವ ಮೀಟರ್ ಒಂದನ್ನು ಬಿಟ್ಟು ಎಲ್ಲವೂ ಸರಿಹೋಯಿತು. ಪರದೆಯ ಮೇಲೆ ವಿಮಾನ ನೆಲ ಮುಟ್ಟಿದರೂ ಅದರ ಮುಳ್ಳು ಎಂಟುನೂರು ಅಡಿಯಲ್ಲೇ ನಿಲ್ಲುತ್ತಿತ್ತು. ಬಡಿದರೂ ಕದಲುತ್ತಿರಲಿಲ್ಲ. ಮೋಟರು ಬದಲಿಸಿದರು, ಕೊನೆಗೆ ಮೀಟರನ್ನೇ ಬದಲಿಸಿದರು. ಮತ್ತೆ ಎಂಟುನೂರು.

"ಕಂಪ್ಯೂಟರಿನ ದೋಷ ಇರಬೇಕ್ರಿ ಕಾಕಾ," ಎಂದೆ.

"ಅಲ್ಲ ಮಾಸ್ತರ, ನನ್ನ ಕೈ ದೋಷ ಐತಿ. ಆ ಸಾಲ್ಯಾಗಿದ್ದಾಗ ಒಂದ ದಿನ ಗಡಬಡಿಯೊಳಗ ಗಾಜ ಬಡದ ನೋಡಲಿಲ್ಲ, ವಿಮಾನ ಸರಿ ಐತಿ ಅಂತ ಸಹಿ ಮಾಡಿ ಕೊಟ್ಟಬಿಟ್ಟೆ. ಇಳಿಯೋ ಹೊತ್ತಿಗೆ ಮುಳ್ಳ ಎಂಟನೂರಕ್ಕ ಅಂಟಿತು. ಮಂಜಿನ್ಯಾಗ ವಸಂತ ಅದನ್ನ ನಂಬಿದ, ತಿರುಗಿ ಬರಲಿಲ್ಲ. ನನ್ನ ದೋಸ್ತ, ಕಲಸೋ ಪೈಲಟ್. ಬಲಗಡೆ ಕುರ್ಚ್ಯಾಗ ಕುಂಡ್ರಾಂವ."

ಅಲ್ಲಿಯವರೆಗೆ ನಾನು ಕೂರುತ್ತಿದ್ದುದು ಅದೇ ಕುರ್ಚಿಯಲ್ಲಿ. ಅಂದು ಎದ್ದವನು ಮತ್ತೆ ಕೂರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನವೊಂದಿದೆ. ಕಾಕಾ ಅಂದು ಓಣಿಯ ಮನೆಮನೆಗೂ ಹೋಗಿ ಕೈಮುಗಿದು, ಕೊನೆಗೆ ಆ ಖಾಲಿ ಕುರ್ಚಿಗೂ ಕೈಮುಗಿಯುತ್ತಿದ್ದರು. "ಅಂವ ಇನ್ನೂ ಹೂಂ ಅಂದಿಲ್ರಿ," ಎಂದು, ಪಕ್ಕದ ಮನೆಯವರ ಸುದ್ದಿ ಹೇಳಿದಂತೆ ಹೇಳುತ್ತಿದ್ದರು.

ಕೊನೆಯ ಸಲ ಕಂಡದ್ದು ಚಿಕ್ಕೋಡಿಯ ಆಸ್ಪತ್ರೆಯಲ್ಲಿ. ನರ್ಸ್ ತಂದ ಬಿಪಿ ಮೀಟರಿನ ಗಾಜನ್ನು ಬಡಿದು ನೋಡಿದರು. "ಈ ಸಲ ಅಂವಗ ಕ್ಷಮಾ ನನ್ನ ಬದಲಿ ನೀವ ಕೇಳ್ರಿ," ಎಂದರು. ಪರ್ವದ ತನಕ ಅವರು ಉಳಿಯಲಿಲ್ಲ.

ಕ್ಷಮೆ ಕೇಳುವ ದಿನ ಮಧ್ಯಾಹ್ನ ಕೋಣೆಯ ಬೀಗ ತೆಗೆದು ಸಿಮ್ಯುಲೇಟರ್ ಹಚ್ಚಿದೆ. ವಿಮಾನ ಇಳಿಸಿದೆ, ಮುಳ್ಳು ಎಂಟುನೂರಕ್ಕೆ ನಿಂತಿತು. ಬಲಕ್ಕೆ ತಿರುಗಿ, ನಾಚಿಕೆಯಾದರೂ ಕೈಮುಗಿದೆ. "ನಮ್ಮ ಕಾಕಾರ್ನ ಕ್ಷಮಾ ಮಾಡ್ರಿ."

ಪ್ಯಾನೆಲ್ಲಿನ ಗಾಜು ಟಕ್ ಟಕ್ ಎಂದಿತು. ನನ್ನ ಕೈಗಳು ಇನ್ನೂ ಮುಗಿದೇ ಇದ್ದವು. ಮುಳ್ಳು ಕದಲಿ, ಮೆಲ್ಲಗೆ ಸೊನ್ನೆಗೆ ಇಳಿಯಿತು.

ಕಾಕಾಗೆ ಹೇಳಬೇಕೆಂದು ಬಾಗಿಲ ತನಕ ಓಡಿಬಿಟ್ಟಿದ್ದೆ.