ಇಂಗ್ಲೆಂಡಿನ ವಕೀಲನನ್ನು ಯರಗುಪ್ಪಿಗೆ ಕರೆದೊಯ್ದದ್ದು

ಬಮ್ಮಿಗಟ್ಟಿಯಿಂದ ಬೆಳಗಿನ ಬಸ್ಸಿಗೆ ಹೊರಟೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಈಗ ಕಲಘಟಗಿಯಲ್ಲಿ ವಕೀಲಿ. ಯರಗುಪ್ಪಿಯ ಶಾಹೀನ ಪಿಯುಸಿ ಪಾಸಾಗಿದ್ದಳು, ಹುಬ್ಬಳ್ಳಿಯಲ್ಲಿ ಕಾನೂನು ಓದುವ ಹಟ. ಅವಳ ಕಾಲೇಜಿನಲ್ಲಿ ನಾನೊಮ್ಮೆ ಭಾಷಣ ಮಾಡಿದ ಪರಿಚಯ. "ಅಬ್ಬಾ ಬ್ಯಾಡ ಅಂತಾರ್ರಿ. ನಾಳಿ ಅಡ್ಮಿಶನ್ನಿಗೆ ಕಡೀ ದಿನ. ನೀವು ಬಂದು ಹೇಳ್ರಿ" ಎಂದು ಅಂದು ನಸುಕಿನಲ್ಲೇ ಫೋನ್ ಮಾಡಿದ್ದಳು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಗಿರಮಿಟ್ಟು, ಮಿರ್ಚಿ ತಿಂದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಹಾಗಾಗಿ ದಿನದ ಖರ್ಚು ಅಷ್ಟೇ. ಕುಂದಗೋಳ ಸೀಮೆ ಬರುತ್ತಲೇ ನಮ್ಮ ಕಡೆಯ ಭತ್ತದ ಗದ್ದೆಗಳು ಹೋಗಿ ಕಪ್ಪು ಮಣ್ಣಿನ ಎರೆ ಹೊಲ; ಹೆಸರಿನ ಬೆಳೆ ಹೂಬಿಟ್ಟಿತ್ತು. ಇಳಿದಾಗ ತುಂತುರು ಮಳೆ. ಮಣ್ಣು ಮೆತ್ತಿ ಚಪ್ಪಲಿ ಕಲ್ಲಿನಷ್ಟು ಭಾರವಾದವು.

ಶಾಹೀನಳ ತಂದೆ ಮೆಹಬೂಬ್ ಕಾಕಾ ಟೇಲರ್. "ಬರ್ರಿ, ಕುಂಡ್ರಿ, ಚಾ ಕುಡೀರಿ" ಎಂದರು. ಮಗಳ ಮಾತೆತ್ತಿದರೆ ಮಶೀನು ಜೋರಾಗುತ್ತಿತ್ತು.

ಅದಕ್ಕೆ, ವಕೀಲಿಯ ದೊಡ್ಡತನ ತಿಳಿಯಲೆಂದು, ಓದುವಾಗ ನಾನು ಮೆಚ್ಚಿದ್ದ ಒಬ್ಬನ ಕಥೆ ಹೇಳಿದೆ. ನಾಲ್ಕುನೂರು ವರ್ಷದ ಹಿಂದಿನ ಇಂಗ್ಲೆಂಡಿನ ವಕೀಲ, ಪಾರ್ಲಿಮೆಂಟಿನ ಸದಸ್ಯ. ರಾಜ ಬೇಡವಾದವರನ್ನು ಕಾರಣ ಹೇಳದೆ ಜೈಲಿಗೆ ಹಾಕುತ್ತಿದ್ದ. ಹಾಗೆ ಹಾಕುವಂತಿಲ್ಲ, ಕಾಯ್ದೆ ರಾಜನಿಗೂ ಒಂದೇ ಎಂದು ಈತ ಎದ್ದು ನಿಂತು ಹೇಳಿದ.

ಕಾಕಾ ಮಶೀನು ನಿಲ್ಲಿಸಿದರು. "ಆಮ್ಯಾಲ?"

"ರಾಜ ಅವನ್ನೂ ಜೈಲಿಗೆ ಹಾಕಿದ್ರಿ."

"ನೋಡ್ರಿ ಮತ್ತ! ಅಷ್ಟ್ ಓದಿ ಕಡೀಕ ಜೈಲಿಗೇ ಹ್ವಾದ. ನಮ್ಮ ಶಾಹೀನ ಮನ್ಯಾಗ ಆರಾಮ ಇರ್ತಾಳ ಬಿಡ್ರಿ."

ಬಾಗಿಲ ಬಾಜು ನಿಂತಿದ್ದ ಶಾಹೀನಳೇ ಮಾತಾಡಿದಳು: "ಅಬ್ಬಾ, ನೀವೂ ಕಾರಣ ಹೇಳದ ನನ್ನ ಮನ್ಯಾಗ ಕುಂಡ್ರಿಸೀರಿ. ಕಾರಣ ಹೇಳ್ರಿ, ಸುಮ್ನಾಕ್ಕೀನಿ."

ಕಾಕಾ ಕತ್ತರಿ ಎತ್ತಿದರು, ಇಟ್ಟರು. "ರೊಕ್ಕದ ಮಾತಲ್ಲ. ಮಂದೀಗೂ ನಾ ಅಂಜಂಗಿಲ್ಲ." ನನ್ನತ್ತ ತಿರುಗಿದರು. "ಆಕೀ ಇಲ್ಲಂದ್ರ ಮನಿ ಭಣಭಣ ಅಂತೈತ್ರಿ. ನನ್ನ ಕೂಡ ಮಾತಾಡಾಕಿ ಆಕೀ ಒಬ್ಬಾಕೀನ."

"ಹಂಗಾರ ನಾನೇನ್ ಗ್ವಾಡಿ ಏನ್ರಿ?" ಒಳಗಿನಿಂದ ಅವರ ಹೆಂಡತಿ ಅಂದರು. "ಹುಬ್ಬಳ್ಳಿ ಏನ್ ಲಂಡನ್ನಾ? ಮುಂಜಾನಿ ಹೋಗಿ ಸಂಜೀಕ ಬರ್ತಾಳ."

ನಾವು ಹೆಂಗಸರು ನಕ್ಕೆವು. ಕೊನೆಗೆ ಕಾಕಾನೂ ನಕ್ಕರು. "ಆತ್ ಬಿಡು, ನಾಳಿ ಮೊದಲನೇ ಬಸ್ಸಿಗೆ ಹೋಗೂಣು."

ಊಟ ಮುಗಿಸಿ ಹೊರಟಾಗ ಕಾಕಾ ಕೊಡೆ ಹಿಡಿದು ಬಸ್‌ಸ್ಟ್ಯಾಂಡಿನವರೆಗೆ ಬಂದರು.

"ಆ ವಕೀಲ ಜೈಲಿಂದ ಹೊರಗ ಬಂದನೇನ್ರಿ?"

"ಬಂದ್ರಿ. ಮತ್ತ ಪಾರ್ಲಿಮೆಂಟಿಗೇ ಹ್ವಾದ."

"ಗಟ್ಟಿ ಮನಷ್ಯಾ." ಬಸ್ಸು ಕಾಣಿಸಿದಾಗ ಮತ್ತೆ ಕೇಳಿದರು: "ನಿಮ್ಮ ಕರೀ ಕೋಟು ಎಲ್ಲಿ ಹೊಲಸ್ತೀರಿ?"

"ರೆಡಿಮೇಡ್ ಸಿಗತಾವ್ರಿ, ಕಾಕಾ."

ಅವರು ಮುಖ ಗಂಟಿಕ್ಕಿದರು. "ರೆಡಿಮೇಡ್ ಬ್ಯಾಡ. ಆಕೀದು ನಾ ಹೊಲಿತೀನಿ."

ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಕಾಕಾ ಆಗಲೇ ಬಿರಬಿರನೆ ಮನೆಯ ಕಡೆ ನಡೆದಿದ್ದರು.